ಅರ್ಧಕ್ಕೆ ನಿಂತ ಎಂಟನೆಯ ಹಾಡು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಕೋಳಿ ಅಂಗಡಿಗೂ ಪಂಕ್ಚರ್ ಅಂಗಡಿಗೂ ನಡುವೆ
ಬೆಳ್ಯಪ್ಪ ಮಾವನ ಮೈಕ್‌ಸೆಟ್ಟು.
ನಾನಲ್ಲಿ ವೈರು ಸುತ್ತುವವಳು,
ಪಿಯುಸಿ ಎರಡು ಸಲ ಫೇಲು,
ಬೆರಳ ತುದಿಯಲ್ಲಿ ಸೋಲ್ಡರಿನ ಸುಟ್ಟ ಚುಕ್ಕೆಗಳು.

ಪಾಲಿಬೆಟ್ಟದ ಎಸ್ಟೇಟ್ ರೈಟರ್ ಜೋಕಿಂ
ರಿಪೇರಿಗೆ ಕೊಟ್ಟ ಟೇಪ್‌ರೆಕಾರ್ಡರಿನ ಹೊಟ್ಟೆಯಲ್ಲಿ
ಸಿಕ್ಕಿಕೊಂಡಿತ್ತು ಆ ಕ್ಯಾಸೆಟ್ಟು.
ಪೆನ್ಸಿಲು ತೂರಿಸಿ, ಕರುಳು ಬಿಡಿಸಿದಂತೆ ಬಿಡಿಸಿದೆ.
ನೀನೇ ಇಟ್ಟುಕೋ, ತಲೆನೋವು, ಅಂದರು ಜೋಕಿಂ.
ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ನಕಲಿಸಿದ ಬ್ಯಾಂಡಿನ ಹೆಸರು:
ಅಕ್ಷರಕ್ಕೆಲ್ಲ ಮುಳ್ಳು, ಲಂಟಾನದ ಬೇಲಿ ಥರ.
ಇವತ್ತಿಗೂ ಅದು ನನ್ನ ನಾಲಿಗೆಯಲ್ಲಿ ನೆಟ್ಟಗೆ ಹೊರಳುವುದಿಲ್ಲ.

ಮೊದಲ ಹಾಡು ಶುರುವಾಗುವುದೇ ಎರಡು ಏಟಿನಿಂದ.
ಢಂ. ಢಂ. ಆಮೇಲೆ ಉಸಿರು ಬಿಗಿಹಿಡಿದ ಮೌನ.
ನಮ್ಮಲ್ಲಿ ಎರಡು ಗುಂಡು ಅಂದರೆ ಸಾವು.
ಮನೆಗೆ ತಂದು ಹಾಕಿದ ಮೊದಲ ರಾತ್ರಿ
ಅವ್ವ ಅಂಗಳಕ್ಕೆ ಓಡಿ, ಕತ್ತಲಿಗೆ ಕಿವಿಯಿಟ್ಟು ಕೇಳಿದಳು:
ಯಾವ ದಿಕ್ಕಿಂದ ಬಂತು? ಯಾರು ಹೋದರು?
ಯಾರೂ ಇಲ್ಲ ಅವ್ವ, ಇಂಗ್ಲೆಂಡಿನವರು, ಅಂದೆ.
ಅಯ್ಯೋ ಪಾಪ, ಅಂದಳು.

ಆ ಮೌನದೊಳಗಿಂದ ಬರುತ್ತದೆ ನೋಡಿ ಗಿಟಾರು,
ಆತುರವೇ ಇಲ್ಲ.
ಆನೆ ಬೇಲಿ ಮುರಿಯುವಾಗಿನ ನಿಧಾನ:
ಒಂದು ಕಂಬ, ಇನ್ನೊಂದು ಕಂಬ,
ಆಮೇಲೆ ತೋಟವೇ ಅದರದ್ದು.
ಹಾಡುವವನು ಕಿರಿಚುತ್ತಾನೆ ಅನ್ನುತ್ತಾರೆ. ಸುಳ್ಳು.
ಕರೆಯುತ್ತಿದ್ದಾನೆ ಅವನು,
ತುಂಬಿದ ಹೊಳೆಯ ಸದ್ದು ದಾಟಿಸಿ
ಆಚೆ ದಡದವರನ್ನು ಕರೆಯುವ ಹಾಗೆ.
ಅವನ ಮಾತು ಅರ್ಧಕ್ಕರ್ಧ ತಿಳಿಯದು;
ಗಂಟಲು ಎಲ್ಲೆಲ್ಲಿ ಒಡೆಯುತ್ತದೆ ಅಂತ ಬಾಯಿಪಾಠ.

ಒಮ್ಮೆ ಪರೆ ಬಡಿಯುವ ಬೊಳ್ಳು
ಏನೋ ಕೇಳಲು ಬಂದವನು ಬಾಗಿಲಲ್ಲೇ ನಿಂತ.
ಮೂರನೆಯ ಹಾಡು. ಎರಡೂ ಕಾಲಲ್ಲಿ ತುಳಿಯುವ ಆ ಡ್ರಮ್ಮು.
ಕಣ್ಣುಮುಚ್ಚಿ ಪೂರ್ತಿ ಕೇಳಿ ಹೇಳಿದ:
ಇವನಿಗೆ ಹೆಣ ಹೊತ್ತವರ ಹೆಜ್ಜೆ ಗೊತ್ತುಂಟು.
ಮದುವೆಯದ್ದು ಗೊತ್ತಿದ್ದ ಹಾಗಿಲ್ಲ.
ಆಮೇಲೆ ಎಷ್ಟೋ ಹೊಗಳಿಕೆ ಓದಿದೆ ಆ ಡ್ರಮ್ಮಿನವನ ಬಗ್ಗೆ,
ಬೊಳ್ಳು ಹೇಳಿದ್ದರ ಹತ್ತಿರಕ್ಕೂ ಯಾವುದೂ ಬರಲಿಲ್ಲ.

ಆರನೆಯದರಲ್ಲಿ ಟೇಪು ಸುಕ್ಕಾಗಿತ್ತು,
ಗಿಟಾರು ನೀರಲ್ಲಿ ಮುಳುಗಿ ಎದ್ದಂತೆ.
ಅದನ್ನೂ ಅವರೇ ನುಡಿಸಿದ್ದು ಅಂದುಕೊಂಡಿದ್ದೆ.
ಎಂಟನೆಯದು ಏರುತ್ತ, ಏರುತ್ತ,
ಇನ್ನೇನು ತುದಿ ಅನ್ನುವಾಗ
ಟಕ್.
ಸೈಡು ಮುಗಿದಿತ್ತು, ಅಷ್ಟೇ.
ನನಗದು ಹೊಳೆಯಲೇ ಇಲ್ಲ.
ಬೇಕೆಂದೇ ಹಾಗೆ ಕಡಿದಿದ್ದಾರೆ,
ಎಂಥ ಎದೆಗಾರರು, ಅಂದುಕೊಂಡೆ.

ಬೆಳ್ಯಪ್ಪ ಮಾವ ತಿತಿಮತಿಯ ಮದುವೆಮಂಟಪದಲ್ಲಿ
ಮೈಕು ತಟ್ಟಿ, ಹಲೋ, ಒನ್, ಟೂ ಅಂದರಂತೆ.
ತ್ರೀ ಅನ್ನಲಿಲ್ಲ.
ಆ ಸಂಜೆ ಅವರ ಮನೆ ದಿಕ್ಕಿನಿಂದ ಎರಡು ಗುಂಡು.
ಅವ್ವ ಒಳಗಿಂದಲೇ ಕೂಗಿದಳು:
ಅದನ್ನೊಮ್ಮೆ ಆರಿಸೇ ಮಾರಾಯ್ತಿ.
ನಾನು ಅಂಗಳದಲ್ಲಿದ್ದೆ. ಟೇಪು ಓಡುತ್ತಿರಲಿಲ್ಲ.

ಮೊನ್ನೆ, ಇಪ್ಪತ್ತಾರು ವರ್ಷದ ಮೇಲೆ,
ಅಕ್ಕನ ಮಗ ಪೂವಯ್ಯ ಮೊಬೈಲಿನಲ್ಲಿ ಹುಡುಕಿಕೊಟ್ಟ,
ಇಡೀ ಆಲ್ಬಮ್ಮು.
ಆರನೆಯದು ಸುಕ್ಕಿಲ್ಲದೆ ನೆಟ್ಟಗಿತ್ತು; ಯಾರದೋ ಹಾಡು ಅನಿಸಿತು.
ಎಂಟನೆಯದರಲ್ಲಿ ಟಕ್ ಬರುವ ಜಾಗ ಬಂತು,
ಬೆರಳು ತಾನಾಗಿ ಇಲ್ಲದ ಬಟನ್ನಿಗೆ ಹೋಯಿತು.
ಹಾಡು ನಿಲ್ಲಲಿಲ್ಲ.
ಇನ್ನೂ ನಲವತ್ತು ಸೆಕೆಂಡು ಇತ್ತು.

ಅಲ್ಲಿ ಗುಡುಗಿಲ್ಲ, ಜಯಕಾರವಿಲ್ಲ.
ಡ್ರಮ್ಮು ನಿಲ್ಲುತ್ತದೆ. ಗಿಟಾರೊಂದೇ ಮೆಟ್ಟಿಲಿಳಿಯುತ್ತದೆ,
ಮಲಗಿದವರನ್ನು ಎಬ್ಬಿಸಬಾರದು ಅನ್ನುವಂತೆ.
ಕೊನೆಗೆ, ಯಾರೋ, ಮೈಕಿಗೆ ತೀರ ಹತ್ತಿರ,
ಮಾತಾಡಲು ಹೊರಟವರಂತೆ ಗಂಟಲು ಸರಿಮಾಡುತ್ತಾರೆ.
ಅಷ್ಟೇ.
ಅದನ್ನು ಮೂರು ಸಲ ಹಾಕಿಸಿದೆ.

ಚಂದ ಉಂಟಲ್ಲ ಚಿಕ್ಕಮ್ಮ, ಅಂದ ಪೂವಯ್ಯ.
ಚಂದ ಉಂಟು, ಅಂದೆ.
ವೈರು ಸುತ್ತಿಟ್ಟೆ. ನಾಳೆ ಅಮ್ಮತ್ತಿಯಲ್ಲಿ ಮದುವೆ,
ನಾಲ್ಕು ಬಾಕ್ಸು, ಎರಡು ಮೈಕು,
ಬೊಳ್ಳುವಿನ ಮೊಮ್ಮಗನ ಪರೆ.